ಮೂರು ದಿನ ಮುಟ್ಟಬಾರದ ನಾಣ್ಯ

ಲೈಬ್ರರಿಗೆ ಬೀಗ ಬಿದ್ದು ಎಂಟು ವಾರ.
ಹಿಂಬಾಗಿಲಿನಿಂದ ನಾನೊಬ್ಬಳೇ ಬರುತ್ತೇನೆ:
ಕುಂಡದ ಗಿಡಕ್ಕೆ ನೀರು, ಇಲಿಬೋನಿಗೊಂದು ಕಣ್ಣು,
ಕಿಂಡಿಯಿಂದ ಒಳಬಿದ್ದ ಪುಸ್ತಕಗಳಿಗೆ
ಮೂರು ದಿನದ ಸೂತಕ, ಉದ್ದ ಮೇಜಿನ ಮೇಲೆ,
ತಾರೀಖಿನ ಚೀಟಿಯ ಪಕ್ಕ.

ಆರಿಸದೆ ಬಿಟ್ಟದ್ದು ವೈಫೈ ಒಂದನ್ನೇ.
ಗೋಡೆ ದಾಟಿ ಅದು ಕಾರು ನಿಲ್ಲುವ ಜಾಗಕ್ಕೆ ಸೋರುತ್ತದೆ;
ಸಂಜೆ ಹೊತ್ತು, ಗಾಜೇರಿಸಿಕೊಂಡ ಕಾರುಗಳು
ತೊಟ್ಟಿಯ ಸುತ್ತ ನಿಂತ ದನಗಳ ಹಾಗೆ
ಸದ್ದಿಲ್ಲದೆ ಕುಡಿಯುತ್ತವೆ.
ಮೊಂಟಾನಾದ ಈ ಮೂಲೆಯಲ್ಲಿ ಹೊಳೆಗೆ ಹಾಲಿನ ಹೆಸರು,
ನೀರಿಗೆ ಚಹಾದ ಬಣ್ಣ, ಮನೆಮನೆಗೆ ಸಿಗ್ನಲ್ಲು
ಯಾರೋ ಕೊಟ್ಟು ಮರೆತ ಮಾತು.

ಶನಿವಾರ ಬಂದದ್ದು ಟ್ವೆಟೆನ್ನರ ಪಿಕಪ್ಪು.
ಹಿಂದಿನ ಹಲಗೆ ಇಳಿಸಿ ಲ್ಯಾಪ್‌ಟಾಪು ಇಟ್ಟರು,
ಗಾಳಿಗೆ ಬೀಳದಂತೆ ಇಕ್ಕೆಲಕ್ಕೂ
ದನ ನೆಕ್ಕುವ ಉಪ್ಪಿನ ಗಡ್ಡೆ.
ಸೋಲ್ವೈಗ್ ಇಳಿದಳು. ಕಡುನೀಲಿ ಕೋಟು, ಹೆಗಲು ಬರಿದು.
ಏಳು ವರ್ಷದವಳಿದ್ದಾಗ ಶಾರ್ಕಿನ ಪುಸ್ತಕ ಕಳೆದವಳು;
ಇವತ್ತಿಗೂ ನನಗೆ ನಾಲ್ಕು ಡಾಲರು ಬಾಕಿ.

ತಾಯಿ ಗಾಜು ತಟ್ಟಿ ಮಾಸ್ಕಿನೊಳಗಿಂದ ಕೂಗಿದಳು:
ಬಾವುಟ ತರೋದೇ ಮರೆತೆವು, ನಿಮ್ಮಲ್ಲಿ...?
ಮಕ್ಕಳ ಮೂಲೆಯ ಬಾವುಟವನ್ನು
ಗೊಂಬೆಗಳ ನಡುವಿಂದ ಎತ್ತಿ ತಂದು
ಗಾಜಿಗೊತ್ತಿ ಹಿಡಿದೆ. ಕಂಬ ಓರೆ.
ಅದರ ಹಿಂದೆ ನಾನು, ಸವೆದ ಸ್ವೆಟರಿನಲ್ಲಿ,
ಕರೆಯದೆ ಬಂದ ಅತಿಥಿ.

ಬಲಗೈ ಮೇಲೆದ್ದಿತು.
ಮಾತು ನನಗೆ ಕೇಳದು. ಕಾಣುವುದು ಬೆನ್ನು,
ಅದರಾಚೆ ಅಂಚೆಚೀಟಿಯಷ್ಟು ಪರದೆ.
ಮುನ್ನೂರು ಮೈಲಿ ದೂರ, ಖಾಲಿ ಜಿಮ್ಮಿನಲ್ಲಿ ನಿಂತ ಕರ್ನಲ್ಲು
ಪ್ರತಿಜ್ಞೆಯ ಒಂದು ತುಂಡು ಕಳಿಸುವುದು,
ಅದು ಬಂದು ಮುಟ್ಟುವವರೆಗೆ ಇವಳು ಕಾಯುವುದು,
ಆಮೇಲೆ ಹೆಗಲು ತುಸು ಎದ್ದು ಇಳಿಯುವುದು:
ಓದು ಕಲಿವ ಮಗು ಬೆರಳಿಟ್ಟು
ಪದದಿಂದ ಪದಕ್ಕೆ ದಾಟುವ ಹಾಗೆ.

ಅಮ್ಮ ಒಂದು ಹೆಗಲಿಗೆ, ಅಪ್ಪ ಇನ್ನೊಂದಕ್ಕೆ
ಚಿನ್ನದ ಪಟ್ಟಿ ಚುಚ್ಚಿದರು. ಗೋಧಿ ಗೋದಾಮಿನಲ್ಲಿ
ಮೂವತ್ತು ವರ್ಷ ಸಲಿಕೆ ಹಿಡಿದ ಬೆರಳಿಗೆ
ಆ ಪಿನ್ನು ತೀರ ಸಣ್ಣದು. ಎರಡು ಸಲ ಬಿತ್ತು.
ಟಾರಿನ ಮೇಲೆ ಮಂಡಿಯೂರಿ ಹುಡುಕಿದ.

ಆಮೇಲೆ ಮೊದಲ ಸಲಾಮು.
ಪರದೆಯ ಚೌಕದಲ್ಲಿ ಸಾರ್ಜೆಂಟ್ ಎಸ್ಕಮಿಯಾ
(ನಾಲ್ಕು ಚಳಿಗಾಲ ಇವಳನ್ನು ಹಿಮದಲ್ಲಿ ಓಡಿಸಿ ಬೈದವನು,
ತಾಯಿ ಆಮೇಲೆ ಹೇಳಿದ್ದು)
ಹುಬ್ಬಿಗೆ ಕೈಯೇರಿಸಿದ. ಇವಳೂ ಏರಿಸಿದಳು.
ಅಷ್ಟಕ್ಕೇ ನನ್ನ ಹಿಂದೆ
ರೂಟರಿನ ಹಸಿರು ದೀಪ ಕೆಂಪಾಯಿತು.

ನಿಯಮವಿದೆಯಂತೆ: ಕಿರಿಯ ಎತ್ತಿದ ಕೈ
ಹಿರಿಯ ಮರಳಿಸುವ ತನಕ ಇಳಿಯಬಾರದು.
ಇಪ್ಪತ್ತೆರಡರ ಹುಡುಗಿ ಹಿರಿಯಳು, ಎರಡು ನಿಮಿಷದಿಂದ.
ನಾನು ಓಡಿದೆ. ತಂತಿ ಕಿತ್ತೆ. ಮೂವತ್ತು ಎಣಿಸಬೇಕು.
ಹದಿನೇಳರಲ್ಲಿ ತಪ್ಪಿ, ಮತ್ತೆ ಒಂದರಿಂದ.
ಚುಚ್ಚಿದೆ. ದೀಪ ಮಿಣುಕಿತು, ಯೋಚಿಸಿತು,
ಹಸಿರಾಯಿತು.

ಗಾಜಿಗೆ ಮರಳಿದಾಗ
ಅವಳ ಕೈ ಹುಬ್ಬಿನಲ್ಲೇ ಇತ್ತು.
ಚೌಕದಲ್ಲಿ ಅವನದೂ.
ಒಬ್ಬರಿಗೊಬ್ಬರು ಕಾಣದೆ
ಅಷ್ಟು ಹೊತ್ತೂ ಹಾಗೇ ನಿಂತಿದ್ದರು.

ಮೊದಲ ಸಲಾಮಿಗೆ ಬೆಳ್ಳಿ ಡಾಲರು ಕೊಡುವುದು ರೂಢಿ,
ಅಂಗೈಯಿಂದ ಅಂಗೈಗೆ.
ಅಂಚೆಕಚೇರಿ ಮುಚ್ಚಿತ್ತು, ನಸುಕಿಗೆ ಅವಳ ಪಯಣ.
ವಿಳಾಸ ಬರೆದ ಲಕೋಟೆ ನನ್ನ ಕಿಂಡಿಗೆ ಬಂತು,
ತಗಡಿನ ತಳಕ್ಕೆ ಟಣ್ಣೆಂದಿತು.
ನನಗೂ ನಿಯಮವಿದೆ: ಎರಡು ಪತ್ತೇದಾರಿ ಕಾದಂಬರಿ,
ಒಂದು ಹೊಲಿಗೆಯ ಪುಸ್ತಕದ ನಡುವೆ
ಮೂರು ದಿನ ಮಲಗಿತು ನಾಣ್ಯ.

ನಾಲ್ಕನೆಯ ದಿನ ತೂಗಿ,
ಬೇಕಾದ್ದಕ್ಕಿಂತ ಎರಡು ಚೀಟಿ ಹೆಚ್ಚೇ ಅಂಟಿಸಿದೆ.
ಶಾರ್ಕಿನ ಲೆಕ್ಕ ಮಾತ್ರ ಅಳಿಸಲಿಲ್ಲ.
ಇರಲಿ ನಾಲ್ಕು ಡಾಲರಿನ ಋಣ.
ಬಾಕಿ ಉಳಿಸಿಕೊಂಡವರು
ಒಂದಲ್ಲ ಒಂದು ದಿನ ಊರಿಗೆ ಬರಬೇಕು.